ಬೆತ್ತದ ಏಟು ಸೈನಿಕನನ್ನು ಗಟ್ಟಿ ಮಾಡುವುದಿಲ್ಲ

"ಮಾತು ಕೇಳಲ್ವಾ? ಮಿಲ್ಟ್ರಿಗೆ ಹಾಕಿಬಿಡಿ, ತಾನೇ ಸರಿ ಹೋಗ್ತಾನೆ."

ಈ ಮಾತು ಕೇಳದ ಊರು ನಮ್ಮ ರಾಜ್ಯದಲ್ಲಿ ಇರಲಿಕ್ಕಿಲ್ಲ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ಏಟು ತಿಂದು ಬೆಳೆದವನು, ಅಲ್ಲಿ ತಡ್ಕೊಂತಾನೆ."

ಹುಡುಗ ಹೋಗುತ್ತಾನೆ. ಹದಿನೈದು ಇಪ್ಪತ್ತು ವರ್ಷ ಗಡಿಯಲ್ಲಿದ್ದು ವಾಪಸ್ ಬರುತ್ತಾನೆ. ಬಂದವನಿಗೆ ರಾತ್ರಿ ನಿದ್ದೆ ಇಲ್ಲ. ಮದುವೆ ಮನೆಯಲ್ಲಿ ಪಟಾಕಿ ಸಿಡಿದರೆ ಮೈಯೆಲ್ಲ ಬೆವರುತ್ತದೆ. ಸಣ್ಣ ಮಾತಿಗೂ ಸಿಟ್ಟು, ಸಂಜೆಯಾದರೆ ಬಾಟಲಿ. ಆಗ ಅದೇ ಊರು, ಅದೇ ಕಟ್ಟೆ ಮೇಲೆ ಕೂತು ಹೇಳುತ್ತದೆ: "ಅವನಿಗೆ ಮೊದಲಿಂದಲೂ ತಲೆ ಸರಿ ಇರಲಿಲ್ಲ ಬಿಡಿ."

ಹೋಗುವಾಗ ಗಟ್ಟಿ ಎಂದವರೇ ಬರುವಾಗ ಮೊದಲಿಂದಲೂ ಸೋತವನು ಎನ್ನುತ್ತಾರೆ. ನಮ್ಮ ವಾದ ಸರಳ: ಎರಡೂ ಸುಳ್ಳು. ಎರಡರಿಂದಲೂ ಯಾರಿಗೋ ಲಾಭವಿದೆ. ಮೊದಲನೆಯದು ಹೊಡೆದವರನ್ನು ಪಾರು ಮಾಡುತ್ತದೆ. ಎರಡನೆಯದು ಯುದ್ಧಕ್ಕೆ ಕಳಿಸಿದವರನ್ನು ಪಾರು ಮಾಡುತ್ತದೆ. ನಡುವೆ ಸಿಕ್ಕಿಕೊಳ್ಳುವವನು ಸೈನಿಕ, ಅವನ ಜೊತೆಗೆ ಅವನ ಹೆಂಡತಿ ಮಕ್ಕಳು.

ಇದು ಯಾವ ಕಾಯಿಲೆ?

ವೈದ್ಯರು ಇದಕ್ಕೆ ಪಿಟಿಎಸ್‌ಡಿ ಎನ್ನುತ್ತಾರೆ. ಕನ್ನಡದಲ್ಲಿ ಆಘಾತದ ನಂತರದ ಒತ್ತಡದ ಕಾಯಿಲೆ ಎನ್ನಬಹುದು. ಸಾವನ್ನು ಹತ್ತಿರದಿಂದ ಕಂಡ ಮನಸ್ಸು, ಆ ಗಳಿಗೆ ಮುಗಿದರೂ ಅದು ಮುಗಿದಿದೆ ಎಂದು ನಂಬುವುದಿಲ್ಲ. ಕಂಡದ್ದೇ ಕನಸಿನಲ್ಲಿ ಬರುತ್ತದೆ. ಎಚ್ಚರವಿದ್ದಾಗಲೂ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅದನ್ನು ನೆನಪಿಸುವ ಜಾಗ, ಮಾತು, ಜನ ಎಲ್ಲದರಿಂದ ಆ ಮನುಷ್ಯ ದೂರ ಸರಿಯುತ್ತಾನೆ. ಮೈ ಸದಾ ಕಾವಲಿನಲ್ಲಿರುತ್ತದೆ, ಸಣ್ಣ ಸದ್ದಿಗೂ ಬೆಚ್ಚಿ ಬೀಳುತ್ತದೆ.

ಇದು ಗಾಳಿ ಸೋಕಿದ್ದಲ್ಲ, ಹೇಡಿತನವೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಇದನ್ನು 'ಶೆಲ್ ಶಾಕ್' ಎಂದು ಕರೆದರು. ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧ ಮುಗಿದ ಐದು ವರ್ಷದ ಮೇಲೆ. ಅದೂ ಸುಮ್ಮನೆ ಸೇರಲಿಲ್ಲ. ವಾಪಸ್ ಬಂದ ಸೈನಿಕರು ಮತ್ತು ಅವರ ಪರ ನಿಂತ ಕೆಲವು ವೈದ್ಯರು ಹೋರಾಡಿದ ಮೇಲೆ ಸೇರಿತು.

ವಿಯೆಟ್ನಾಂ ಕಲಿಸಿದ ಪಾಠ

ವಿಯೆಟ್ನಾಂಗೆ ಅಮೆರಿಕ ಸುಮಾರು 27 ಲಕ್ಷ ಮಂದಿಯನ್ನು ಕಳಿಸಿತ್ತು. 58 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ವಿಯೆಟ್ನಾಂ ಜನ ಸತ್ತ ಲೆಕ್ಕ ಅದಕ್ಕಿಂತ ಹಲವು ಪಟ್ಟು ದೊಡ್ಡದು. ಬದುಕಿ ಬಂದ ಅಮೆರಿಕನ್ ಸೈನಿಕರನ್ನು ಅಲ್ಲಿನ ಸಂಶೋಧಕರು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಒಂದೇ ಕಾಡಿನಲ್ಲಿ, ಒಂದೇ ಗುಂಡಿನ ಮಳೆಯಲ್ಲಿ ನಿಂತ ಇಬ್ಬರಲ್ಲಿ ಒಬ್ಬ ಚೇತರಿಸಿಕೊಂಡ, ಇನ್ನೊಬ್ಬ ಚೇತರಿಸಿಕೊಳ್ಳಲಿಲ್ಲ. ಏಕೆ ಎಂಬುದು ಅವರ ಪ್ರಶ್ನೆ.

1993ರಲ್ಲಿ ಡಗ್ಲಸ್ ಬ್ರೆಮ್ನರ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಪಿಟಿಎಸ್‌ಡಿ ಇದ್ದ ವಿಯೆಟ್ನಾಂ ಸೈನಿಕರಲ್ಲಿ ಶೇ. 26 ಮಂದಿ ಬಾಲ್ಯದಲ್ಲಿ ದೈಹಿಕ ಹಿಂಸೆ ಉಂಡವರು. ಕಾಯಿಲೆ ಇಲ್ಲದವರಲ್ಲಿ ಅಂಥವರು ಶೇ. 7 ಮಾತ್ರ. ಯಾರು ಎಷ್ಟು ಕಾಳಗ ಕಂಡಿದ್ದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು.

ಅದು ಸಣ್ಣ ಅಧ್ಯಯನ. 2013ರಲ್ಲಿ ಬ್ರೂಸ್ ಡೋರೆನ್‌ವೆಂಡ್ ತಂಡ 260 ಸೈನಿಕರ ದಾಖಲೆಗಳನ್ನು ಮತ್ತೆ ಕೂಲಂಕಷವಾಗಿ ನೋಡಿತು. ಮೂರು ವಿಷಯಗಳನ್ನು ಅಳೆಯಿತು. ಒಂದು, ಯುದ್ಧದಲ್ಲಿ ಅವನು ಎಂಥ ಘೋರವನ್ನು ಕಂಡ. ಎರಡು, ಯುದ್ಧಕ್ಕೆ ಮುಂಚೆ ಅವನ ಸ್ಥಿತಿ ಏನಿತ್ತು: ಬಾಲ್ಯದಲ್ಲಿ ಹೊಡೆತ ತಿಂದಿದ್ದನೇ, ಮನೆಯಲ್ಲಿ ಕುಡಿತ ಅಥವಾ ಮಾನಸಿಕ ಕಾಯಿಲೆ ಇತ್ತೇ, ಯುದ್ಧಕ್ಕೆ ಹೋದಾಗ ವಯಸ್ಸೆಷ್ಟು. ಮೂರು, ನಿರಾಯುಧ ಜನರಿಗೋ ಸೆರೆಸಿಕ್ಕವರಿಗೋ ಹಾನಿ ಮಾಡಿದ್ದನೇ.

ಕಾಯಿಲೆ ಬಂದವರಲ್ಲಿ ಶೇ. 98 ಮಂದಿ ಯುದ್ಧದಲ್ಲಿ ಆಘಾತದ ಘಟನೆ ಕಂಡವರೇ. ಅಂದರೆ ಯುದ್ಧವಿಲ್ಲದೆ ಈ ಕಾಯಿಲೆ ಇಲ್ಲ. ಆದರೆ ಅಂಥ ಘಟನೆ ಕಂಡವರೆಲ್ಲರಿಗೂ ಬರಲಿಲ್ಲ, ಸುಮಾರು ಮೂರರಲ್ಲಿ ಒಬ್ಬರಿಗೆ ಬಂತು. ಮೂರೂ ಹೊರೆ ಒಟ್ಟಿಗೆ ಬಿದ್ದವರಲ್ಲಿ ಮಾತ್ರ ಬಹುತೇಕ ಯಾರೂ ತಪ್ಪಿಸಿಕೊಳ್ಳಲಿಲ್ಲ. ವಯಸ್ಸಿನ ವಿಚಾರವಂತೂ ಎದ್ದು ಕಾಣುವಂಥದ್ದು: 25 ತುಂಬುವ ಮುಂಚೆ ಯುದ್ಧಕ್ಕೆ ಹೋದವರಿಗೆ, ದೊಡ್ಡವರಾಗಿ ಹೋದವರಿಗಿಂತ ಈ ಕಾಯಿಲೆ ಬರುವ ಸಂಭವ ಏಳು ಪಟ್ಟು ಹೆಚ್ಚು.

ಡೆನ್ಮಾರ್ಕ್ ದೇಶದ ಸೈನಿಕರ ಅಧ್ಯಯನ ಇದಕ್ಕಿಂತ ವಿಚಿತ್ರ. 2009ರಲ್ಲಿ ಅಫ್ಘಾನಿಸ್ತಾನಕ್ಕೆ ಹೊರಟ 746 ಮಂದಿಯನ್ನು ಹೋಗುವ ಮೊದಲು, ಅಲ್ಲಿದ್ದಾಗ, ಬಂದ ಮೇಲೆ ಐದು ಸಲ ಪ್ರಶ್ನಿಸಲಾಯಿತು. ಬಹುಪಾಲು, ಶೇ. 84ರಷ್ಟು ಮಂದಿ ತಡೆದುಕೊಂಡರು. ಆದರೆ ಒಂದು ಗುಂಪು ಯುದ್ಧಕ್ಕೆ ಹೋಗುವ ಮುಂಚೆಯೇ ನರಳುತ್ತಿತ್ತು. ಆ ಗುಂಪಿನ ಕಷ್ಟ ಯುದ್ಧಭೂಮಿಯಲ್ಲಿ ಕಡಿಮೆಯಾಯಿತು, ಮನೆಗೆ ಬಂದ ಮೇಲೆ ಮತ್ತೆ ಏರಿತು! ಆ ಗುಂಪಿನವರ ಬಾಲ್ಯ ಕೆದಕಿದಾಗ ಸಿಕ್ಕಿದ್ದು ಗಾಯ, ಬಾಸುಂಡೆ, ಸುಟ್ಟ ಕಲೆ, ಮುರಿದ ಮೂಳೆ ಬರುವಷ್ಟು ಹೊಡೆತ.

ಮನೆಗಿಂತ ಯುದ್ಧಭೂಮಿಯೇ ನೆಮ್ಮದಿ ಎನಿಸುವ ಬಾಲ್ಯ ಎಂಥದ್ದಿರಬೇಕು? ಬ್ಯಾರಕ್ಕಿನಲ್ಲಿ ಹೊತ್ತಿಗೆ ಊಟ, ಪಕ್ಕದಲ್ಲಿ ಜೊತೆಗಾರ, ಯಾರು ಶತ್ರು ಎಂಬ ಸ್ಪಷ್ಟತೆ. ಕೆಲವರಿಗೆ ಮನೆಯಲ್ಲಿ ಇಷ್ಟೂ ಇರಲಿಲ್ಲ.

ಮೊದಲ ಸುಳ್ಳು: ಹೊಡೆತ ಗಟ್ಟಿ ಮಾಡುತ್ತದೆ

ನಮ್ಮಲ್ಲಿ 'ದಂಡಂ ದಶಗುಣಂ' ಎನ್ನದ ಮೇಷ್ಟ್ರು ಕಡಿಮೆ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎನ್ನದ ಅಪ್ಪ ಇನ್ನೂ ಕಡಿಮೆ. ಆದರೆ ಮಗು ಗಾದೆ ಕೇಳಿ ಬೆಳೆಯುವುದಿಲ್ಲ. ದಿನಾ ಹೊಡೆತ ತಿನ್ನುವ ಮಗುವಿನ ಮೈ ಒಂದೇ ಪಾಠ ಕಲಿಯುತ್ತದೆ: ಅಪಾಯ ಯಾವಾಗ ಬೇಕಾದರೂ, ನನ್ನವರಿಂದಲೇ ಬರಬಹುದು. ಎದೆ ಬಡಿತ ಬೇಗ ಏರಲು, ಸದ್ದಿಗೆ ಬೆಚ್ಚಲು, ಯಾರನ್ನೂ ನಂಬದಿರಲು ಅದು ಆಗಲೇ ಅಭ್ಯಾಸ ಮಾಡಿಕೊಳ್ಳುತ್ತದೆ. ಈ ಮೈಯನ್ನೇ ಮುಂದೆ ಯುದ್ಧಕ್ಕೆ ನಿಲ್ಲಿಸುತ್ತೇವೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. "ನಮ್ಮಪ್ಪ ದನಕ್ಕೆ ಬಡಿದಂಗೆ ಬಡಿದ. ನಾನು ಸುಬೇದಾರ್ ಆಗಿ ರಿಟೈರ್ ಆದೆ. ನನಗೇನಾಗಿದೆ?" ಒಪ್ಪುತ್ತೇವೆ ಯಜಮಾನರೇ, ನಿಮಗೆ ಏನೂ ಆಗಿಲ್ಲ, ಸಂತೋಷ. ಬೀಡಿ ಸೇದಿಯೂ ತೊಂಬತ್ತು ವರ್ಷ ಬದುಕಿದ ಅಜ್ಜಂದಿರು ಪ್ರತಿ ಊರಲ್ಲೂ ಇದ್ದಾರೆ. ಅದಕ್ಕೆ ಬೀಡಿ ಶ್ವಾಸಕೋಶಕ್ಕೆ ಒಳ್ಳೆಯದು ಎಂದು ಯಾರೂ ಹೇಳುವುದಿಲ್ಲ. ಬಾಲ್ಯದ ಹಿಂಸೆ ಹಣೆಬರಹವಲ್ಲ, ಹೊಡೆತ ತಿಂದವರೆಲ್ಲ ಕಾಯಿಲೆ ಬೀಳುವುದಿಲ್ಲ. ಅದು ಅಪಾಯವನ್ನು ಹೆಚ್ಚಿಸುತ್ತದೆ ಅಷ್ಟೇ. ಆದರೆ ನೀವು ಗಟ್ಟಿಯಾದದ್ದು ಹೊಡೆತದಿಂದಲ್ಲ, ಹೊಡೆತದ ಹೊರತಾಗಿಯೂ. ಅಜ್ಜಿಯ ಮಡಿಲೋ, ಒಬ್ಬ ಒಳ್ಳೆಯ ಮೇಷ್ಟ್ರೋ, ಒಬ್ಬ ಗೆಳೆಯನೋ ನಿಮ್ಮನ್ನು ಹಿಡಿದಿರಬೇಕು. ಆ ಪುಣ್ಯವನ್ನು ಬೆತ್ತಕ್ಕೆ ಕೊಡಬೇಡಿ.

ನಮ್ಮ ದೇಶದಲ್ಲಿ ಈ ಬೆತ್ತ ಎಷ್ಟು ವ್ಯಾಪಕ? ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾದವರು. ಎರಡು ವರ್ಷದ ನಂತರ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿತು. ಕಾನೂನು ಬಂದರೂ "ಸಾರ್, ನಮ್ಮ ಹುಡುಗನಿಗೆ ಎರಡು ಬಾರಿಸಿ" ಎಂದು ಮೇಷ್ಟ್ರಿಗೆ ಅನುಮತಿ ಕೊಡುವ ಪೋಷಕರು ನಾವೇ.

ಎರಡನೇ ಸುಳ್ಳು: ಅವನು ಮೊದಲೇ ಹಾಳಾಗಿದ್ದ

ಮೊದಲ ಸುಳ್ಳು ಕಟ್ಟೆಯದ್ದಾದರೆ ಎರಡನೆಯದು ಕಚೇರಿಯದ್ದು. ಬಾಲ್ಯದ ಕಾರಣ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಲೆಕ್ಕ ಬರೆಯುವವರಿಗೆ ಖುಷಿಯಾಗುತ್ತದೆ. ಹಾಗಾದರೆ ಇದು ಯುದ್ಧದಿಂದ ಬಂದದ್ದಲ್ಲ, ನಾವು ಪಿಂಚಣಿ ಕೊಡಬೇಕಿಲ್ಲ!

ಇದು ಊಹೆಯ ಮಾತಲ್ಲ. ಇರಾಕ್ ಮತ್ತು ಅಫ್ಘಾನಿಸ್ತಾನ ಯುದ್ಧಗಳ ಕಾಲದಲ್ಲಿ ಅಮೆರಿಕದ ಸೇನೆ 20 ಸಾವಿರಕ್ಕೂ ಹೆಚ್ಚು ಮಂದಿಯನ್ನು 'ವ್ಯಕ್ತಿತ್ವದ ದೋಷ' ಎಂಬ ಕಾರಣ ಕೊಟ್ಟು ಮನೆಗೆ ಕಳಿಸಿತು. ವ್ಯಕ್ತಿತ್ವದ ದೋಷ ಎಂದರೆ ಸೇನೆಗೆ ಸೇರುವ ಮುಂಚೆಯೇ ಇದ್ದದ್ದು ಎಂದು ಅರ್ಥ. ಹಾಗಾಗಿ ಅಂಗವೈಕಲ್ಯದ ಪರಿಹಾರ ಇಲ್ಲ. ಸೇರುವಾಗ ಅವರನ್ನು ಪರೀಕ್ಷಿಸಿ 'ಫಿಟ್' ಎಂದು ಮೊಹರು ಒತ್ತಿದ್ದವರು ಅದೇ ಸೇನೆಯವರು. ಪತ್ರಕರ್ತರು ಇದನ್ನು ಬಯಲಿಗೆಳೆದರು, 2007ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಆ ಮೇಲಷ್ಟೇ ಈ ಪರಿಪಾಠಕ್ಕೆ ಕಡಿವಾಣ ಬಿತ್ತು.

ನಮ್ಮಲ್ಲಿ ಇಲ್ಲವೇ? ಧರಮ್‌ವೀರ್ ಸಿಂಗ್ ಪ್ರಕರಣ ನೋಡಿ. 1985ರಲ್ಲಿ ಸೇನೆಯ ಸಿಗ್ನಲ್ಸ್ ವಿಭಾಗಕ್ಕೆ ಸೇರಿದ ಸೈನಿಕ. ಒಂಬತ್ತು ವರ್ಷದ ಸೇವೆಯ ಮೇಲೆ ಮೂರ್ಛೆ ರೋಗವೆಂದು ಮನೆಗೆ ಕಳಿಸಿದರು. ಇದು ಅವನ ದೇಹದಲ್ಲೇ ಇದ್ದ ದೋಷ, ಸೇವೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಅಂಗವೈಕಲ್ಯ ಪಿಂಚಣಿ ನಿರಾಕರಿಸಿದರು. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದರು. 2013ರಲ್ಲಿ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸೇರುವಾಗಿನ ವೈದ್ಯಕೀಯ ದಾಖಲೆಯಲ್ಲಿ ಕಾಯಿಲೆ ನಮೂದಾಗಿಲ್ಲ ಎಂದರೆ, ಆತ ಆರೋಗ್ಯವಂತನಾಗಿಯೇ ಸೇರಿದ್ದ ಎಂದು ಭಾವಿಸಬೇಕು. ಸೇವೆಗೆ ಸಂಬಂಧವಿಲ್ಲ ಎಂದು ಸಾಬೀತು ಮಾಡುವ ಹೊಣೆ ಇಲಾಖೆಯದ್ದು, ಸೈನಿಕನದ್ದಲ್ಲ. ಸಂಶಯವಿದ್ದರೆ ಅದರ ಲಾಭ ಸೈನಿಕನಿಗೆ.

ಮೂರ್ಛೆ ರೋಗದ ಪ್ರಕರಣವಾದರೂ ತತ್ವ ಮನಸ್ಸಿನ ಕಾಯಿಲೆಗೂ ಅನ್ವಯಿಸಬೇಕಾದದ್ದೇ. ಇನ್ನೊಂದು ಅಂಶ ಗಮನಿಸಿ. ನಮ್ಮ ನಿಯಮ 'ಸೇವೆಯಿಂದ ಉಂಟಾದ' ಕಾಯಿಲೆ ಎಂದಷ್ಟೇ ಹೇಳುವುದಿಲ್ಲ, 'ಸೇವೆಯಿಂದ ಉಲ್ಬಣಗೊಂಡ' ಕಾಯಿಲೆ ಎಂದೂ ಹೇಳುತ್ತದೆ. ಅಂದರೆ ಬಾಲ್ಯದಲ್ಲಿ ಬಿರುಕು ಬಿಟ್ಟಿತ್ತು ಎಂದೇ ಇಟ್ಟುಕೊಳ್ಳಿ, ಅದನ್ನು ಒಡೆದದ್ದು ಸೇವೆಯಾದರೆ ಹಕ್ಕು ಉಳಿಯುತ್ತದೆ.

ನಮ್ಮ ಊರಿನ ಕೆರೆಯ ಲೆಕ್ಕದಲ್ಲಿ ಹೇಳುವುದಾದರೆ, ಏರಿಯಲ್ಲಿ ಸಣ್ಣ ಬಿರುಕಿತ್ತು, ನಿಜ. ಒಡೆದದ್ದು ಪ್ರವಾಹ. ಬಿರುಕನ್ನು ಮುಚ್ಚದೆ ಬಿಟ್ಟವರದ್ದೂ ತಪ್ಪು. ಆದರೆ ಊರು ಮುಳುಗಿದ ಮೇಲೆ "ಏರಿ ಮೊದಲೇ ಸರಿ ಇರಲಿಲ್ಲ, ಪರಿಹಾರ ಇಲ್ಲ" ಎನ್ನುವ ಎಂಜಿನಿಯರನ್ನು ನಾವು ಸುಮ್ಮನೆ ಬಿಡುತ್ತೇವೆಯೇ?

ಹಾಗಾದರೆ ಶೋಧಿಸಿ ಆರಿಸೋಣವೇ?

ಕೆಲವು ಬುದ್ಧಿವಂತರು ಹೇಳುತ್ತಾರೆ: ಕೆಟ್ಟ ಬಾಲ್ಯ ಕಂಡವರನ್ನು ಭರ್ತಿಯಲ್ಲೇ ಬೇರ್ಪಡಿಸಿಬಿಡಿ. ಈ ಪ್ರಯೋಗವೂ ನಡೆದು ಸೋತಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಮನೋವೈದ್ಯರನ್ನು ಕೂರಿಸಿ 10 ಲಕ್ಷಕ್ಕೂ ಹೆಚ್ಚು ಯುವಕರನ್ನು ಮಾನಸಿಕ ಕಾರಣಕ್ಕೆ ತಿರಸ್ಕರಿಸಿತು. ಆದರೂ ಮನಸ್ಸು ಮುರಿದು ಆಸ್ಪತ್ರೆ ಸೇರಿದ ಸೈನಿಕರ ಪ್ರಮಾಣ ಮೊದಲ ಮಹಾಯುದ್ಧಕ್ಕಿಂತ ಹೆಚ್ಚೇ ಆಯಿತು. ಸಾಕಷ್ಟು ದಿನ ಸಾಕಷ್ಟು ಘೋರವನ್ನು ತೋರಿಸಿದರೆ ಯಾವ ಬಾಲ್ಯದವನೂ ಮುರಿಯುತ್ತಾನೆ ಎಂಬುದೇ ಅಲ್ಲಿ ಕಲಿತ ಪಾಠ.

ಇನ್ನೊಂದು ತುದಿಯೂ ಇದೆ. 1966ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ ಭರ್ತಿಯ ಮಟ್ಟ ಇಳಿಸಿ, ಮೊದಲು ತಿರಸ್ಕೃತರಾಗುತ್ತಿದ್ದವರನ್ನು ಸೇನೆಗೆ ಸೇರಿಸಿಕೊಂಡರು. ಅದಕ್ಕೆ 'ಪ್ರಾಜೆಕ್ಟ್ ಒನ್ ಹಂಡ್ರೆಡ್ ಥೌಸಂಡ್' ಎಂದು ಹೆಸರು. ಸೇರಿದವರು ಮೂರು ಲಕ್ಷಕ್ಕೂ ಹೆಚ್ಚು, ಬಹುಪಾಲು ಬಡವರ ಮಕ್ಕಳು, ಅವರಲ್ಲಿ ಕರಿಯರ ಪಾಲು ದೊಡ್ಡದು. ಸೇನೆ ಇವರನ್ನು ಉದ್ಧಾರ ಮಾಡುತ್ತದೆ ಎಂದು ಹೇಳಲಾಗಿತ್ತು. "ಮಿಲ್ಟ್ರಿಗೆ ಹಾಕಿ, ಸರಿ ಹೋಗ್ತಾನೆ" ಎಂಬ ನಮ್ಮ ಕಟ್ಟೆಯ ಮಾತೇ ಅಲ್ಲಿ ಸರ್ಕಾರದ ನೀತಿಯಾಗಿತ್ತು. ಸತ್ತವರ ಪ್ರಮಾಣ ಉಳಿದ ಸೈನಿಕರಿಗಿಂತ ಇವರಲ್ಲಿ ಹೆಚ್ಚಾಗಿತ್ತು.

ಹಾಗಾಗಿ ಬಾಲ್ಯದ ಪ್ರಶ್ನೆಯನ್ನು ಹುಡುಗರನ್ನು ಬೇರ್ಪಡಿಸಲು ಬಳಸಬೇಡಿ. ಯಾರಿಗೆ ಹೆಚ್ಚು ಆಸರೆ ಬೇಕು ಎಂದು ತಿಳಿಯಲು ಬಳಸಿ.

ಹದಿನೇಳೂವರೆ ವರ್ಷ

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. 2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಭರ್ತಿ ವಯಸ್ಸು ಹದಿನೇಳೂವರೆಯಿಂದ 21 ಎಂದು ನಿಗದಿಯಾಯಿತು. ಸೇವೆ ನಾಲ್ಕು ವರ್ಷ. ನೂರಕ್ಕೆ 25 ಮಂದಿ ಮಾತ್ರ ಸೇನೆಯಲ್ಲಿ ಉಳಿಯುತ್ತಾರೆ, 75 ಮಂದಿ ವಾಪಸ್. ವಿಯೆಟ್ನಾಂ ಅಧ್ಯಯನ ಯಾವ ವಯಸ್ಸನ್ನು ಅಪಾಯದ ವಯಸ್ಸು ಎಂದಿತೋ, ಈ ಹುಡುಗರು ಸೇರುವುದು ಆ ವಯಸ್ಸಿನಲ್ಲೇ. ಬಹುತೇಕರು ವಾಪಸ್ ಬರುವುದೂ ಆ ವಯಸ್ಸು ದಾಟುವ ಮುಂಚೆ.

ಚಿಕ್ಕ ವಯಸ್ಸಿನಲ್ಲಿ ಸೇರುವುದು ಹೊಸದಲ್ಲ, ಹಿಂದೆಯೂ ಹಾಗೆಯೇ ಇತ್ತು ಎನ್ನಬಹುದು. ನಿಜ. ಆದರೆ ಹಿಂದೆ ಸೇರಿದವನು ಹದಿನೈದು ವರ್ಷ ಮುಗಿಸಿದರೆ ಪಿಂಚಣಿ, ಮಾಜಿ ಸೈನಿಕನ ಗುರುತು, ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯ ಇತ್ತು. ನಾಲ್ಕು ವರ್ಷಕ್ಕೆ ಬಿಡುಗಡೆಯಾಗುವ ಅಗ್ನಿವೀರನಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನಮಾನ ಇಲ್ಲ, ಇಸಿಎಚ್‌ಎಸ್ ಇಲ್ಲ ಎಂದು ಸೇನೆ 2022ರಲ್ಲಿ ಪ್ರಕಟಿಸಿದ ಷರತ್ತುಗಳಲ್ಲೇ ಬರೆದಿದೆ. ಅಂಗವೈಕಲ್ಯಕ್ಕೆ ಒಂದು ಸಲದ ಪರಿಹಾರವಿದೆ. ಅದಕ್ಕೂ ಅದೇ ಷರತ್ತು: ಸೇವೆಯಿಂದ ಉಂಟಾದದ್ದು ಅಥವಾ ಉಲ್ಬಣಗೊಂಡದ್ದು ಎಂದು ತೀರ್ಮಾನವಾಗಬೇಕು.

ಪಿಟಿಎಸ್‌ಡಿ ಗುಂಡೇಟಿನ ಹಾಗಲ್ಲ. ಕೆಲವರಲ್ಲಿ ಅದು ತಿಂಗಳುಗಳ, ವರ್ಷಗಳ ಮೇಲೆ ತಲೆ ಎತ್ತುತ್ತದೆ. ಇಪ್ಪತ್ತೆರಡಕ್ಕೆ ಮನೆಗೆ ಬಂದು ಇಪ್ಪತ್ತೈದಕ್ಕೆ ನಿದ್ದೆ ಕಳೆದುಕೊಂಡ ಹುಡುಗ ಯಾವ ಆಸ್ಪತ್ರೆಗೆ ಹೋಗಬೇಕು? ಬೆಳಗಾವಿಯ ಭರ್ತಿ ಮೈದಾನದಲ್ಲಿ ಬೆಳಗಿನ ಜಾವ ಸಾಲು ನಿಲ್ಲುವ ಹುಡುಗರಿಗೆ ಈ ಪ್ರಶ್ನೆಗೆ ಉತ್ತರ ಸಿಗಬೇಕು. ಓಟದ ಸಮಯ, ಎದೆಯ ಸುತ್ತಳತೆ ಅಳೆಯುವವರು ಇದನ್ನೂ ಹೇಳಿ ಕಳಿಸಲಿ.

ನಾವು ಕೇಳುವುದು

ಸರ್ಕಾರಕ್ಕೆ: ನಾಲ್ಕು ವರ್ಷವೇ ಇರಲಿ, ನಲವತ್ತು ವರ್ಷವೇ ಇರಲಿ, ಸಮವಸ್ತ್ರ ತೊಟ್ಟು ಗಡಿಯಲ್ಲಿ ನಿಂತ ಪ್ರತಿಯೊಬ್ಬನಿಗೂ ಮನಸ್ಸಿನ ಚಿಕಿತ್ಸೆ ಬದುಕಿರುವ ತನಕ ಉಚಿತವಾಗಿರಲಿ. ಬಾಲ್ಯದ ಕಥೆ ಹೇಳಿಕೊಂಡ ಸೈನಿಕನ ಮಾತನ್ನು ಅವನ ಪಿಂಚಣಿ ಕಡತಕ್ಕೆ ಎದುರುಸಾಕ್ಷಿಯಾಗಿ ಬಳಸುವಂತಿಲ್ಲ ಎಂದು ನಿಯಮವಾಗಲಿ. ಇಲ್ಲದಿದ್ದರೆ ಯಾವ ಸೈನಿಕನೂ ವೈದ್ಯರ ಮುಂದೆ ಬಾಯಿ ಬಿಡುವುದಿಲ್ಲ.

ರಾಜ್ಯಕ್ಕೆ: ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯ ದಾರಿ ದೇಶಕ್ಕೆ ತೋರಿಸಿದ್ದೇ ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ ಮುಂದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಹೆಮ್ಮೆ ಫಲಕದ ಮೇಲೆ ಉಳಿಯದಿರಲಿ. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ ಬರುವ ಮಾಜಿ ಸೈನಿಕನಿಗೆ ಮನೋವೈದ್ಯರ ದಾರಿ ಹೇಳುವವರು ಒಬ್ಬರಾದರೂ ಇರಲಿ.

ಮೇಷ್ಟ್ರಿಗೆ, ಅಪ್ಪ ಅಮ್ಮಂದಿರಿಗೆ: ಬೆತ್ತ ಕೆಳಗಿಡಿ. ಯಾವ ಮಗು ಮುಂದೆ ಸೈನಿಕನಾಗುತ್ತದೆ, ಯಾವುದು ಆಂಬುಲೆನ್ಸ್ ಓಡಿಸುತ್ತದೆ ಎಂದು ನಿಮಗೆ ಗೊತ್ತಿಲ್ಲ. ಘೋರವನ್ನು ಕಾಣುವ ದಿನ ಬಂದರೆ ಅದನ್ನು ತಡೆದುಕೊಳ್ಳುವ ಶಕ್ತಿ ಮಗುವಿಗೆ ಬರುವುದು ನೆಮ್ಮದಿಯ ಮನೆಯಿಂದ. ಪಕ್ಕದ ಮನೆಯಲ್ಲಿ ಮಗು ಹೊಡೆತ ತಿನ್ನುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಮಾಜಿ ಸೈನಿಕರ ಮನೆಯವರಿಗೆ: ಸೇರುವಾಗಿನ ವೈದ್ಯಕೀಯ ಕಾಗದ, ಬಿಡುಗಡೆ ಪುಸ್ತಕ, ಆಸ್ಪತ್ರೆ ಚೀಟಿ ಒಂದನ್ನೂ ಎಸೆಯಬೇಡಿ, ಹಕ್ಕು ನಿಲ್ಲುವುದು ಅವುಗಳ ಮೇಲೆ. ನಿದ್ದೆ ಬಾರದ, ಸಿಟ್ಟು ತಡೆಯದ ಮನುಷ್ಯನನ್ನು ಮಂತ್ರ ಹಾಕುವವರ ಹತ್ತಿರ ಕರೆದೊಯ್ಯುವ ಮುಂಚೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಈ ಕಾಯಿಲೆಗೆ ಚಿಕಿತ್ಸೆ ಇದೆ: ತರಬೇತಿ ಪಡೆದವರ ಜೊತೆ ಮಾತಿನ ಚಿಕಿತ್ಸೆ, ಬೇಕಾದವರಿಗೆ ಮಾತ್ರೆ. ಎಷ್ಟೋ ಮಂದಿ ಗುಣಮುಖರಾಗಿದ್ದಾರೆ.

ಆಗಸ್ಟ್ 15ಕ್ಕೆ ಶಾಲೆಯ ಅಂಗಳದಲ್ಲಿ ಮಾಜಿ ಸೈನಿಕರಿಗೆ ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ. ಒಳ್ಳೆಯದೇ. ಈ ಸಲ ಹಾರದ ಜೊತೆಗೆ ಗ್ರಾಮಸಭೆಯಲ್ಲಿ ಒಂದು ಠರಾವು ಬರೆಸಿ: ನಮ್ಮೂರ ಶಾಲೆಯಲ್ಲಿ ಬೆತ್ತ ಇರುವುದಿಲ್ಲ, ನಮ್ಮೂರಿಂದ ಹೋದ ಸೈನಿಕನನ್ನು ನಾವು ಹುಚ್ಚ ಎನ್ನುವುದಿಲ್ಲ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.